ಹನ್ನೆರಡು ಕಿಲೋ ನಾನೂರು ಗ್ರಾಂ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಬಟ್ಟೆ ತೊಳೆಯುವ ಮೂರನೇ ಡ್ರಮ್ಮಿನೊಳಕ್ಕೆ ಸೊಂಟದವರೆಗೆ ಬಗ್ಗಿದ ದೊಡ್ಡಕ್ಕನ ವಾರಗಿತ್ತಿ ಮತ್ತೆ ನೆಟ್ಟಗಾಗಲಿಲ್ಲ.

ಒದ್ದೆ ಚೀಲ ಎತ್ತುವಾಗ ಅವಳು ‘ಹುಪ್ಪಾ’ ಅನ್ನುತ್ತಿದ್ದಳು. ದಿನಕ್ಕೆ ಅರವತ್ತು ಸಲ. ಎಂಟು ಹೆಜ್ಜೆ ಆಚೆ ಐದನೇ ಡ್ರಮ್ಮಿನಲ್ಲಿ ದುಡಿಯುವ ದೊಡ್ಡಕ್ಕನಿಗೆ ಆ ದನಿಯೇ ಗಡಿಯಾರ. ಅವತ್ತು ‘ಹು’ ಬಂತು. ‘ಪ್ಪಾ’ ಬರಲಿಲ್ಲ.

ದೊಡ್ಡಕ್ಕ ಓಡಿದಳು. ವಾರಗಿತ್ತಿಯ ತಲೆ, ಹೆಗಲು, ಎರಡೂ ಕೈ ಡ್ರಮ್ಮಿನೊಳಗಿದ್ದವು. ಕೈಗಳು ಚೀಲದ ಕಿವಿಯನ್ನು ಇನ್ನೂ ಬಿಟ್ಟಿರಲಿಲ್ಲ.

“ಬಿಡೇ ಅದನ್ನ!”

“ಬಿಟ್ರೆ ಕೆಂಪಾಗುತ್ತೆ ಅಕ್ಕಾ.” ದನಿ ಡ್ರಮ್ಮಿನ ತಳದಿಂದ ಬಂತು. “ನಂಗೆ ಕಾಲೇ ಗೊತ್ತಾಗ್ತಿಲ್ಲ. ನೋಡು, ಇದೆಯಾ ಕಾಲು?”

ಕೆಂಪಾಗುವುದು ಪರದೆ. ಪ್ರತಿ ಡ್ರಮ್ಮಿನ ನೆತ್ತಿಯ ಮೇಲೂ ಅಂಕಿ ಮೂಡುವ, ಅಂಗೈಯಗಲದ ಒಂದು ಪರದೆ ಇದೆ. ಒಂದು ಚೀಲ ಎತ್ತಿ, ನಾಲ್ಕು ಹೆಜ್ಜೆ ನಡೆದು, ಹಿಂಡುವ ಯಂತ್ರಕ್ಕೆ ಹಾಕಲು ಐವತ್ತು ಸೆಕೆಂಡು. ಹಸಿರು ಅಂಕಿ ಐವತ್ತರಿಂದ ಇಳಿಯುತ್ತದೆ. ಸೊನ್ನೆ ದಾಟಿದರೆ ಕೆಂಪು. ದಿನಕ್ಕೆ ಐದು ಕೆಂಪಾದರೆ ಮೇಸ್ತ್ರಿ ಕರೆಯುತ್ತಾನೆ. ಹತ್ತಾದರೆ ಮೇಸ್ತ್ರಿಯನ್ನೇ ಮೇಲಿನವರು ಕರೆಯುತ್ತಾರೆ.

ದೊಡ್ಡಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಚೀಲ ನೀರಿಗೆ ಬಿತ್ತು. ಮೂರನೇ ಪರದೆ ಕೆಂಪಾಯಿತು. ಬೆನ್ನ ಹಿಂದೆ ಐದನೆಯದೂ ಕೆಂಪಾಯಿತು.

ಅದು ಹದಿನಾಲ್ಕು ಆಸ್ಪತ್ರೆಗಳ ಬಟ್ಟೆ ತೊಳೆಯುವ ಕಾರ್ಖಾನೆ. ಹಾಸಿಗೆ ಹೊದಿಕೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಸತ್ತವರ ಮೇಲೆ ಹೊದಿಸಿದ್ದು, ಹೆತ್ತವರ ಕೆಳಗೆ ಹಾಸಿದ್ದು. ರಕ್ತ, ಕೀವು, ಉಚ್ಚೆ. ತೊಳೆಯುವುದು ನೆಲಮಾಳಿಗೆಯಲ್ಲಿ. ಒಣಗಿಸುವುದು, ಇಸ್ತ್ರಿ, ಕಟ್ಟುವುದು ಅದರ ಮೇಲೆ. ಮೂರನೇ ಮಹಡಿಯಲ್ಲಿ ಆಫೀಸು. ಲಿಫ್ಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ‘ಒದ್ದೆ ಕಾಲಿನವರು ಮೆಟ್ಟಿಲು ಬಳಸಿ.’ ನೆಲಮಾಳಿಗೆಯಲ್ಲಿ ಒಣ ಕಾಲಿನವರು ಒಬ್ಬರೂ ಇರಲಿಲ್ಲ.

ಎಷ್ಟು ಉಜ್ಜಿ ತೊಳೆದರೂ ವಾಸನೆ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಬಸ್ಸಿನಲ್ಲಿ ಇವರ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಿದ್ದರು. ವಾರಗಿತ್ತಿ ಅದಕ್ಕೂ ನಗುತ್ತಿದ್ದಳು. “ನೋಡಕ್ಕಾ, ಒಂದು ಟಿಕೆಟ್ಟಿಗೆ ಎರಡು ಸೀಟು. ಮಂತ್ರಿಗಳಿಗೂ ಇಲ್ಲ ಈ ಮರ್ಯಾದೆ.”

ದೊಡ್ಡಕ್ಕನದು ಅಣ್ಣನ ಮನೆ, ಅವಳದು ತಮ್ಮನ ಮನೆ. ಒಂದೇ ಗೋಡೆಯ ಆಚೆ ಈಚೆ. ಮನೆಯಲ್ಲಿ ನಲ್ಲಿಗೆ, ಬಟ್ಟೆ ಹರವುವ ಹಗ್ಗಕ್ಕೆ, ಮಕ್ಕಳ ಕಿರುಚಾಟಕ್ಕೆ ಇಬ್ಬರೂ ಜಗಳವಾಡುತ್ತಿದ್ದರು. ನೆಲಮಾಳಿಗೆಗೆ ಇಳಿದರೆ ಮಾತ್ರ ಉಸಿರು ಒಂದೇ. ಹನ್ನೊಂದು ವರ್ಷ ಒಂದೇ ಚೀಲದ ಒಂದು ಕಿವಿ ಇವಳು, ಇನ್ನೊಂದು ಕಿವಿ ಅವಳು ಹಿಡಿದಿದ್ದರು. ‘ಹು’ ದೊಡ್ಡಕ್ಕನದು, ‘ಪ್ಪಾ’ ವಾರಗಿತ್ತಿಯದು.

ಗೋಡೆಗೆ ಒಂದು ಹಳೆಯ ಹಲಗೆ ಹೊಡೆದಿತ್ತು: ‘ಇಪ್ಪತ್ತೈದು ಕಿಲೋ ಮೀರಿದ ಭಾರಕ್ಕೆ ಇಬ್ಬರು.’ ಒದ್ದೆ ಚೀಲವನ್ನು ಯಾರೂ ತೂಗಿರಲಿಲ್ಲ. ತೂಗುವ ಅಗತ್ಯವೂ ಬಿದ್ದಿರಲಿಲ್ಲ. ಎತ್ತಿದವರಿಗೆ ಗೊತ್ತಿತ್ತು.

ಕಳೆದ ನವೆಂಬರಿನಲ್ಲಿ ಎಲ್ಲಾ ಲೆಕ್ಕ ಇಡುವ ಕಂಪ್ಯೂಟರ್ ಸಿಸ್ಟಮ್ ಶುರುವಾಯಿತು. ಒಂದೇ ವಾರದಲ್ಲಿ ಆರು ಡ್ರಮ್ಮಿಗಿದ್ದ ಹನ್ನೆರಡು ಹೆಂಗಸರು ಆರಾದರು. ಉಳಿದ ಆರು ಜನರನ್ನು ಒಳಗೆ ಬಿಡುವ ಚೀಟಿ ಗೇಟಿನಲ್ಲೇ ಸತ್ತಿತು. ದೊಡ್ಡಕ್ಕ ಐದಕ್ಕೆ, ವಾರಗಿತ್ತಿ ಮೂರಕ್ಕೆ. ಒಂಟಿ ಕೈ. ‘ಹುಪ್ಪಾ’ ಪೂರ್ತಿ ಒಬ್ಬಳದೇ ಆಯಿತು.

*

ಗುರುವಾರ ಮೇಸ್ತ್ರಿ ಒಂದು ಕಾಗದ ತಂದ. ಕೆಟ್ಟವನಲ್ಲ. ಹೆದರುಪುಕ್ಕಲ. ಕಾಗದವನ್ನು ದೊಡ್ಡಕ್ಕನ ಕೈಗೆ ಕೊಟ್ಟು ಡ್ರಮ್ಮಿನ ತುಕ್ಕು ನೋಡುತ್ತಾ ನಿಂತ.

ಅದರಲ್ಲಿ ಹೀಗಿತ್ತು: ಎತ್ತಿದ ಭಾರ, 12.4 ಕಿಲೋ. ಮಿತಿ, 25 ಕಿಲೋ. ಗಾಯಕ್ಕೆ ಕೆಲಸ ಕಾರಣವಲ್ಲ. ದೇಹದ ಸ್ವಂತ ದೋಷ. ಕೆಲಸಕ್ಕೆ ಅನರ್ಹ. ಸೋಮವಾರದಿಂದ ಹೆಸರು ತೆಗೆಯಲಾಗುವುದು.

“ಹಾಗಂದ್ರೆ?”

“ಹಾಗಂದ್ರೆ ಆಪರೇಷನ್ ಕಂಪನಿ ಮಾಡಿಸಲ್ಲ ಅಂತ. ಕೆಲಸದಿಂದ ಆದ ಗಾಯ ಆದ್ರೆ ಮಾತ್ರ ಮಾಡಿಸ್ತಾರೆ.”

“ಡಾಕ್ಟ್ರು ಹದಿನೈದು ದಿನದೊಳಗೆ ಮಾಡಿಸಿ ಅಂದಿದಾರೆ. ಇಲ್ಲಾಂದ್ರೆ ಎಡಗಾಲು ಹೋಗುತ್ತೆ ಅಂದಿದಾರೆ.”

“ನಂಗೂ ಗೊತ್ತಕ್ಕಾ.”

“ಇದನ್ನ ಬರೆದವರು ಯಾರು?”

“ಯಾರೂ ಬರೆದಿಲ್ಲ. ಸಿಸ್ಟಮ್ಮೇ ಬರೆಯೋದು. ನಾನು ಅವಳ ನಂಬರ್ ಹಾಕಿದೆ, ಅಷ್ಟೇ. ಯಾವ ಡ್ರಮ್ಮು, ಯಾವ ಚೀಲ, ಎಷ್ಟು ಭಾರ, ಎಲ್ಲಾ ಅದೇ ಎಳ್ಕೊಂತು. ನಾನು ಒಂದಕ್ಷರ ಮುಟ್ಟಿಲ್ಲ.”

ಹನ್ನೆರಡು ಪಾಯಿಂಟ್ ನಾಲ್ಕು. ಆ ಅಂಕಿ ಎಲ್ಲಿಂದ ಬಂತೆಂದು ಈ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ದೊಡ್ಡಕ್ಕನಿಗೆ ಗೊತ್ತಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ಮೇಲಿಂದ ಕರೆ ಬಂದಿತ್ತು. ಸಿಸ್ಟಮ್ ಕೂರಿಸಲು ಬಂದ ಮೇಡಂಗೆ ಎಲ್ಲಾ ಸಾಮಾನಿನ ತೂಕ ಬೇಕಂತೆ. ಹೊದಿಕೆ ಚೀಲ ಒಂದನ್ನು ತರಬೇಕಂತೆ. ಹಳಬಳು ಅಂತ ದೊಡ್ಡಕ್ಕನನ್ನು ಕರೆದರು. ಚೀಲ ಅಂದರೆ ಬಲೆಯ ಚೀಲ, ಒಂದು ವಾರ್ಡಿನ ಇಪ್ಪತ್ತು ಹೊದಿಕೆ. ಡ್ರಮ್ಮಿಗೂ ಬಾಯಿ ಕಟ್ಟಿಯೇ ಹೋಗುತ್ತದೆ. ನಡುವೆ ಬಿಚ್ಚುವ ಹಾಗಿಲ್ಲ.

ದೊಡ್ಡಕ್ಕ ಡ್ರಮ್ಮಿನ ಮುಂದೆ ನಿಂತು ಯೋಚಿಸಿದ್ದಳು. ಸೋರುವ ಚೀಲವನ್ನು ಆ ಬಿಳಿ ಕಲ್ಲಿನ ನೆಲದ ಮೇಲೆ ಹೇಗೆ ತೆಗೆದುಕೊಂಡು ಹೋಗುವುದು? ಆಸ್ಪತ್ರೆಯಿಂದ ಬಂದ ಹಾಗೇ ಇರುವ ಕೊಳಕು ಚೀಲವಂತೂ ಮಾತೇ ಇಲ್ಲ. ಅವಳು ಕೈ ಕಾಲು ತೊಳೆದಳು. ಸೀರೆ ಬದಲಾಯಿಸಿದಳು. ಇಸ್ತ್ರಿ ಕೋಣೆಗೆ ಹೋಗಿ, ಒಣಗಿಸಿ, ಇಸ್ತ್ರಿ ಹಾಕಿ, ಮಡಿಸಿದ ಇಪ್ಪತ್ತು ಹೊದಿಕೆಯನ್ನು ಹೊಸ ಚೀಲಕ್ಕೆ ಹಾಕಿಸಿಕೊಂಡಳು. ಅಲ್ಲಿಯ ಇಸ್ತ್ರಿಯವಳಿಗೆ ಎಲ್ಲರೂ ಕೆಂಡಮ್ಮ ಅನ್ನುತ್ತಿದ್ದರು. ಅವಳ ಕೆಲಸಕ್ಕಿಂತ ಅವಳ ಬಾಯಿಗೆ ಸಂದ ಹೆಸರದು. “ಏನೇ, ಸಮ್ಮಂದ ಕುದುರಿಸೋಕೆ ಹೊರಟಿದೀಯಾ?” ಅಂದಿದ್ದಳು.

ಮೇಲೆ ಮೇಡಂ ಒಳ್ಳೆಯ ಮಾತಿನವಳು. ಮೂವತ್ತರ ಆಸುಪಾಸು. “ಬನ್ನಿ ಬನ್ನಿ” ಅಂದಳು. ತೂಕದ ಯಂತ್ರ ತೋರಿಸಿದಳು. ದೊಡ್ಡಕ್ಕ ಚೀಲ ಇಡಲು ಬಗ್ಗಿದಾಗ, “ಒಂದ್ನಿಮಿಷ” ಅಂದು, ಯಂತ್ರದ ಮೇಲೆ ಹಳೆಯ ಪೇಪರ್ ಹಾಸಿದಳು.

ಒಗೆದ ಬಟ್ಟೆ. ಇಸ್ತ್ರಿ ಹಾಕಿದ್ದು. ನಾಳೆ ರೋಗಿಯ ಮೈಮೇಲೆ ಹೊದಿಸುವಂಥದ್ದು. ಅದನ್ನು ಹೊತ್ತು ತಂದವಳು ನೆಲಮಾಳಿಗೆಯವಳು, ಅಷ್ಟಕ್ಕೇ ಪೇಪರ್. ದೊಡ್ಡಕ್ಕ ಕಂಡಳು. ಕಂಡೂ ಕಾಣದವಳಂತೆ ಚೀಲ ಇಟ್ಟಳು.

“ಹನ್ನೆರಡು ಪಾಯಿಂಟ್ ನಾಲ್ಕು,” ಮೇಡಂ ಬರೆದುಕೊಂಡಳು. “ಯಾವಾಗ್ಲೂ ಇಷ್ಟೇ ಇರುತ್ತಾ?”

ಆ ಕೋಣೆಯಿಂದ ಒಮ್ಮೆ ಹೊರಗೆ ಬಿದ್ದರೆ ಸಾಕಿತ್ತು. “ಹೂಂ,” ಅಂದಳು. ಬೆರಳು ತೋರಿಸಿದ ಕಡೆ ರುಜು ಹಾಕಿದಳು.

ಆಮೇಲೆ ಎಲ್ಲರನ್ನೂ ಸೇರಿಸಿ ಮೇಡಂ ವಿವರಿಸಿದ್ದಳು. ಅವಳ ಮುಖದಲ್ಲಿ ನಿಜವಾದ ಖುಷಿಯಿತ್ತು. “ಇಷ್ಟು ದಿನ ಒಂದೇ ವಿಷಯಾನ ಸ್ಟೋರಿನವರು ಒಂದು ಕಡೆ, ಲಾರಿಯವರು ಒಂದು ಕಡೆ, ಆಫೀಸಿನವರು ಒಂದು ಕಡೆ ಬರೀತಿದ್ರಿ. ಒಬ್ಬರದ್ದು ಇನ್ನೊಬ್ಬರಿಗೆ ತಾಳೆ ಆಗ್ತಿರಲಿಲ್ಲ. ಇನ್ಮೇಲೆ ಒಂದು ಸಲ, ಒಂದೇ ಕಡೆ. ಅಲ್ಲಿಂದ ಅದು ತಾನಾಗೇ ಎಲ್ಲಾ ಕಡೆ ಹೋಗುತ್ತೆ.”

ಹೋಯಿತು. ಹನ್ನೆರಡು ಪಾಯಿಂಟ್ ನಾಲ್ಕು ಸೋಪಿನ ಪಂಪಿಗೆ ಹೋಯಿತು. ಅಷ್ಟು ಬಟ್ಟೆಗೆ ಎಷ್ಟು ಸೋಪೋ ಅಷ್ಟನ್ನು ಅದು ಸುರಿಯಿತು. ನೀರಿನ ಮೀಟರಿಗೆ ಹೋಯಿತು. ಲಾರಿಗೆ ಹೋಯಿತು. ಆಸ್ಪತ್ರೆಯ ಆರ್ಡರಿಗೆ ಹೋಯಿತು. ಆ ಕಡೆಗಳಲ್ಲೆಲ್ಲ ಅದು ಸರಿಯಾದ ಅಂಕಿಯೇ. ಒಣ ಬಟ್ಟೆಯ ತೂಕ ಅವರಿಗೆ ಬೇಕು. ಆಮೇಲೆ ಅದೇ ಅಂಕಿ ಆಳಿನ ಲೆಕ್ಕಕ್ಕೂ ಹೋಯಿತು. ಇಪ್ಪತ್ತೈದಕ್ಕಿಂತ ಕಡಿಮೆ, ಒಬ್ಬರು ಸಾಕು ಅಂದಿತು. ಕೊನೆಗೆ ಗಾಯದ ಕಾಗದಕ್ಕೆ ಬಂದು ಕೂತಿತು.

ಆ ಚೀಲ ನೀರು ಕುಡಿಯುತ್ತದೆ ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಹೇಳಬೇಕಾದವಳು ‘ಹೂಂ’ ಅಂದಿದ್ದಳು.

*

ಶುಕ್ರವಾರ ಬೆಳಿಗ್ಗೆ ದೊಡ್ಡಕ್ಕ ಮೆಟ್ಟಿಲು ಹತ್ತಿ ಮೇಲೆ ಹೋದಳು. ಬಾಗಿಲಲ್ಲಿ ಕಾಲೊರೆಸಿಕೊಂಡಳು. ಮ್ಯಾನೇಜರ್ ತಲೆ ಎತ್ತದೆ ಮೂಲೆ ತೋರಿಸಿದ. ಅಲ್ಲಿ ನೆಲದ ಮೇಲೆ ಪೇಪರ್ ಹಾಸಿತ್ತು.

“ಅದರ ಮೇಲೆ ನಿಂತ್ಕೋ. ಏನು?”

ನಿಂತಳು. ಹೇಳಿದಳು. ಅವನು ಕೇಳಿಸಿಕೊಂಡ. ಒಂದು ಹಾಳೆ ತೆಗೆದ.

“ಇದು ಯಾರ ರುಜು?”

“ನಂದೇ ಸಾರ್. ಆದ್ರೆ ಅದು ಒಣಗಿದ್ದು.”

“ನೀನೇ ತೂಗಿದ್ದು, ನೀನೇ ಹೂಂ ಅಂದಿದ್ದು, ನೀನೇ ರುಜು ಹಾಕಿದ್ದು. ಈಗ ನಿಮ್ಮ ಮನೆಯವಳದ್ದೇ ಆದಾಗ ತೂಕ ಜಾಸ್ತಿ ಆಯ್ತಾ?”

ಆಚೆ ಮೇಜಿನಿಂದ ಮೇಡಂ ತಿರುಗಿದಳು. ಮೆಲ್ಲಗೆ ಹೇಳಿದಳು: “ಸಿಸ್ಟಮ್ಮಿನಲ್ಲಿ ತೂಕಕ್ಕೆ ಒಂದೇ ಖಾನೆ ಇರೋದು. ಅದನ್ನ ಮುಟ್ಟಿದ್ರೆ ಸೋಪು, ನೀರು, ಲಾರಿ, ಎಲ್ಲಾ ಕೆಡುತ್ತೆ.”

“ಹಾಗಾದ್ರೆ ಬೆನ್ನಿಗೆ ಅಂತ ಇನ್ನೊಂದು ಖಾನೆ ಮಾಡಿ ಮೇಡಂ.”

ಮ್ಯಾನೇಜರ್ ನಕ್ಕ. “ಬೆನ್ನಿಗೊಂದು, ಮೊಣಕಾಲಿಗೊಂದು, ಹೊಟ್ಟೆನೋವಿಗೊಂದು. ಹೋಗಮ್ಮಾ. ಯಂತ್ರಕ್ಕೆ ಸುಳ್ಳು ಹೇಳಿ ಏನಾಗಬೇಕು? ಅವಳ ಬೆನ್ನು ಮೊದಲೇ ಹಾಳಾಗಿತ್ತು. ನೆಲ ಒರೆಸೋಳಿಗೆ ಹೇಳಿ ಹೋಗು, ಬಾಗಿಲ ಹತ್ರ ಒದ್ದೆ ಆಗಿದೆ.”

ಅವತ್ತು ಸಂಜೆ ಅವಳು ಗೋಡೆಯ ಆಚೆಗೆ ಹೋದಳು. ವಾರಗಿತ್ತಿ ಚಾಪೆಯ ಮೇಲೆ ಬೋರಲು ಮಲಗಿದ್ದಳು. ಮೂರು ದಿನದಿಂದ ಅದೊಂದೇ ಭಂಗಿ. ಬಲಗಾಲಿಗೆ ತಾಕಿದರೆ ಗೊತ್ತಾಗುತ್ತಿತ್ತು. ಎಡಗಾಲಿಗೆ ಮಗಳು ಸೂಜಿ ಚುಚ್ಚಿ ನೋಡಿದ್ದಳು. ಗೊತ್ತಾಗಿರಲಿಲ್ಲ.

ದೊಡ್ಡಕ್ಕ ಕೂತಳು. ಎದ್ದಳು. ಕಿಟಕಿ ಮುಚ್ಚಿದಳು, ತೆಗೆದಳು.

“ಕೂತ್ಕೋಳೇ ಅಕ್ಕಾ. ನನಗೆ ನಿನ್ನ ಕಾಲು ಮಾತ್ರ ಕಾಣ್ತಿರೋದು. ಅದೂ ನಿಲ್ತಿಲ್ಲ.”

“ಆ ತೂಕ ನಾನು ಕೊಟ್ಟಿದ್ದು ಕಣೇ.”

ಹೇಳಿದಳು. ಸೀರೆ ಬದಲಾಯಿಸಿದ್ದು, ಇಸ್ತ್ರಿ ಕೋಣೆ, ಪೇಪರ್, ಹೂಂ. ಒಂದನ್ನೂ ಬಿಡಲಿಲ್ಲ.

“ಇಸ್ತ್ರಿ ಹಾಕಿದ್ದು ತಗೊಂಡು ಹೋದ್ಯಾ?”

“ಹೂಂ.”

“ಮನೆಗೆ ಯಾರಾದ್ರೂ ಬಂದ್ರೆ ಇರೋ ಒಂದೇ ಒಳ್ಳೆ ಲೋಟ ತೆಗೀತೀವಲ್ಲ, ಹಾಗೆ.” ವಾರಗಿತ್ತಿಯ ಹೆಗಲು ಅಲುಗಿತು. ನಗುವೋ ಅಳುವೋ ಬೆನ್ನಿನಿಂದ ತಿಳಿಯಲಿಲ್ಲ. “ನಿನ್ನ ಮೇಲೆ ಸಿಟ್ಟು ಮಾಡ್ಕೋಬೇಕು ಅನ್ಸುತ್ತೆ. ಆದ್ರೆ ನನ್ನ ಕರೆದಿದ್ರೆ ನಾನೂ ಅದನ್ನೇ ತಗೊಂಡು ಹೋಗ್ತಿದ್ದೆ. ಹೊಟ್ಟೆ ಉರಿಯೋದು ಅದಕ್ಕೇ ಅಕ್ಕಾ. ನಾನೂ ಅದನ್ನೇ ತಗೊಂಡು ಹೋಗ್ತಿದ್ದೆ.”

*

ಶನಿವಾರ ಬೆಳಿಗ್ಗೆ ಹತ್ತೂ ಕಾಲಿಗೆ ಐದನೇ ಡ್ರಮ್ಮು ನಿಂತಿತು. ಬಾಗಿಲು ತೆರೆಯಿತು. ಪರದೆಯಲ್ಲಿ ಐವತ್ತು ಮೂಡಿತು. ನಲವತ್ತೊಂಬತ್ತು. ನಲವತ್ತೆಂಟು.

ದೊಡ್ಡಕ್ಕ ಕೈ ಕಟ್ಟಿ ನಿಂತಳು.

ಹನ್ನೊಂದು ವರ್ಷದ ಕೈ. ಸುಮ್ಮನಿರಲು ಒಪ್ಪಲಿಲ್ಲ. ಬೆರಳು ತಾವಾಗೇ ಮಡಚಿಕೊಂಡವು. ಮೂವತ್ತು. ಇಪ್ಪತ್ತು. ಅವಳು ಕೈಗಳನ್ನು ಕಂಕುಳಿಗೆ ಒತ್ತಿ ಹಿಡಿದಳು. ಸೊನ್ನೆ. ಕೆಂಪು.

“ಅಕ್ಕಾ!” ಮೇಸ್ತ್ರಿ ಓಡಿ ಬಂದ. “ಏನಾಯ್ತು? ಎತ್ತು ಅಕ್ಕಾ.”

“ಎತ್ತಲ್ಲ.”

“ಹಾಗಂದ್ರೆ?”

“ಇಬ್ಬರು ಬಂದ್ರೆ ಎತ್ತೀನಿ. ಹಲಗೆ ಓದು. ಅದಕ್ಕೇ ಹೊಡೆದಿರೋದು.”

ನಾಲ್ಕನೇ ಡ್ರಮ್ಮಿನವಳು ಇದನ್ನು ಕೇಳಿದಳು. ಅವಳೂ ಕೈ ಕಟ್ಟಿದಳು. ಎರಡನೆಯವಳು, ಒಂದನೆಯವಳು. ಮೂರಕ್ಕೆ ಹೊಸದಾಗಿ ಬಂದವಳು ಸುತ್ತ ನೋಡಿ ಕೊನೆಗೆ ಕಟ್ಟಿದಳು. ಆರನೆಯವಳು ಡ್ರಮ್ಮಿಗೆ ಬೆನ್ನು ಕೊಟ್ಟು ಕೂತೇ ಬಿಟ್ಟಳು. ಆರು ಪರದೆಗಳೂ ಒಂದಾದ ಮೇಲೊಂದು ಕೆಂಪಾದವು.

“ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

“ನಿನ್ನ ಹೊಟ್ಟೆ ನನ್ನ ಬೆನ್ನ ಮೇಲೆ ಕೂತಿದೆಯಲ್ಲೋ. ಒಂದು ಗಳಿಗೆ ಇಳಿಸ್ತೀನಿ, ತಡ್ಕೋ.”

ಮೆಟ್ಟಿಲ ಹತ್ತಿರ ಕೆಂಡಮ್ಮ ನಿಂತಿದ್ದಳು. ಮೇಲೆ ಒಣಗಿಸುವ ಯಂತ್ರಕ್ಕೆ ಚೀಲ ಬಂದಿರಲಿಲ್ಲ. ಅದಕ್ಕೇ ಅದರ ಪರದೆಯೂ ಕೆಂಪಾಗಿತ್ತು. ಇಸ್ತ್ರಿಯದೂ ಕೆಂಪು. “ಇಡೀ ಕಟ್ಟಡಕ್ಕೇ ಕಣ್ಣು ಬಂದಿದೆಯಲ್ರೇ, ಏನು ಕಥೆ?” ಅಂದಳು. ದೊಡ್ಡಕ್ಕನ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಚೀಲದ ಇನ್ನೊಂದು ಕಿವಿ ಹಿಡಿದಳು.

“ಹು,” ಅಂದಳು ದೊಡ್ಡಕ್ಕ.

“ಪ್ಪಾ!” ಅಂದಳು ಕೆಂಡಮ್ಮ. “ಅಯ್ಯೋ ನಿನ್ನ! ಇದೇನು ಬಟ್ಟೆನಾ, ಹೆಣಾನಾ? ಇದನ್ನ ಒಬ್ಬೊಬ್ಬಳೇ ಎತ್ತುತಿದ್ರಾ?”

ಹಿಂಡುವ ಯಂತ್ರವನ್ನು ದಾಟಿ ನಡೆದರು. ಮೆಟ್ಟಿಲನ್ನೂ ದಾಟಿದರು. ಮೆಟ್ಟಿಲು ಹತ್ತುವಷ್ಟರಲ್ಲಿ ನೀರು ಸೋರಿ ತೂಕ ಇಳಿಯುತ್ತದೆಂದು ದೊಡ್ಡಕ್ಕ ಹಿಂದಿನ ರಾತ್ರಿಯೇ ಲೆಕ್ಕ ಹಾಕಿದ್ದಳು. ಚೀಟಿ ಅಂಟಿಸಿದ ಬಾಗಿಲಿನ ಮುಂದೆ ನಿಂತು ಒದ್ದೆ ಬೆರಳಿನಿಂದ ಲಿಫ್ಟಿನ ಗುಂಡಿ ಒತ್ತಿದಳು.

“ಇಷ್ಟು ಸಲೀಸಾ ಮೇಲಕ್ಕೆ ಹೋಗೋದು?” ಲಿಫ್ಟಿನಲ್ಲಿ ಕೆಂಡಮ್ಮ ಏದುಸಿರು ಬಿಟ್ಟಳು. “ಅದಕ್ಕೇ ಇವರಿಗೆ ಆ ಪಾಟಿ ಮೈ ಬಂದಿರೋದು.” ಕಾಲ ಕೆಳಗೆ ನೀರು ಕೆರೆಯಾಗುತ್ತಿತ್ತು.

ಮೂರನೇ ಮಹಡಿಯ ಗೋಡೆಯಲ್ಲಿ ಬಾಗಿಲಗಲದ ಪರದೆಯಿತ್ತು. ತೊಳೆಯುವುದು ಕೆಂಪು. ಒಣಗಿಸುವುದು ಕೆಂಪು. ಲಾರಿ ಎರಡು, ಕೆಂಪು. ಅದರ ಕೆಳಗೆ ಆಸ್ಪತ್ರೆಗಳು ಒಂದೊಂದಾಗಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತಿದ್ದವು. ಒಂದು ಕಡೆ ಹಾಕಿದ್ದು ತಾನಾಗೇ ಎಲ್ಲಾ ಕಡೆ ಹೋಗುತ್ತಿತ್ತು. ಮ್ಯಾನೇಜರ್ ಎರಡು ಫೋನುಗಳ ನಡುವೆ ನಿಂತಿದ್ದ. ಮೂರನೆಯದು ಬಡಿದುಕೊಳ್ಳುತ್ತಿತ್ತು.

“ಏಯ್! ಏನಿದು? ನೆಲ! ನೆಲ ನೋಡಿ!”

“ನೋಡ್ತಿದೀನಿ ಸಾರ್. ತೊಳೆದ ನೀರೇ. ನಿಮ್ಮ ನೆಲಕ್ಕಿಂತ ಚೊಕ್ಕವಾಗಿದೆ.”

ಇಬ್ಬರೂ ತೂಕದ ಯಂತ್ರದ ಕಡೆ ನಡೆದರು. ಬಿಳಿ ಕಲ್ಲಿನ ಮೇಲೆ ಹಿಂದೆ ಒಂದು ಉದ್ದನೆಯ ನೀರಿನ ಗೆರೆ. ಮೇಡಂ ದಡಬಡಿಸಿ ಎದ್ದಳು. ಕೈ ತಾನಾಗೇ ಮೇಜಿನ ಕೆಳಗೆ ಹೋಯಿತು. ಹಳೆಯ ಪೇಪರ್ ಎಳೆದು ಬಿಡಿಸತೊಡಗಿದಳು.

“ಪೇಪರ್ ಬೇಡ,” ಅಂದಳು ದೊಡ್ಡಕ್ಕ.

ಮೇಡಂ ಹಾಗೇ ನಿಂತಳು.

“ಅವತ್ತೂ ಬೇಡವಾಗಿತ್ತು. ಅವತ್ತು ನಾನು ಹೇಳಲಿಲ್ಲ. ಇವತ್ತು ಹೇಳ್ತೀನಿ. ಪೇಪರ್ ಹಾಸಿದ ಜಾಗದಲ್ಲಿ ನಾನು ಇನ್ನು ಏನೂ ಇಡಲ್ಲ. ಕಾಲೂ ಇಡಲ್ಲ.”

ಮೇಡಂ ಪೇಪರನ್ನು ಮಡಿಸಿದಳು. ಮತ್ತೆ ಮಡಿಸಿದಳು. ಇಡುವ ಜಾಗ ಸಿಗದೆ ಕೈಯಲ್ಲೇ ಹಿಡಿದುಕೊಂಡಳು. ಅವಳ ಕಿವಿ ಕೆಂಪಾಗಿತ್ತು.

ಚೀಲ ಯಂತ್ರದ ಮೇಲೆ ಕೂತಿತು. ದೊಪ್ಪೆಂದು ಸದ್ದಾಯಿತು. ನೀರು ತಟ್ಟೆಯ ಅಂಚಿನಿಂದ ಇಳಿದು ಮ್ಯಾನೇಜರನ ಬೂಟಿನ ಕಡೆ ಹರಿಯಿತು. ಅವನು ಹಿಂದೆ ಸರಿದ. ಅದು ಹಿಂಬಾಲಿಸಿತು.

“ಪೊಲೀಸ್ ಕರೆಸ್ತೀನಿ.”

“ಕರೆಸಿ ಸಾರ್. ಅವರೂ ಒಂದ್ಸಲ ಎತ್ತಿ ನೋಡ್ಲಿ,” ಅಂದಳು ಕೆಂಡಮ್ಮ.

ದೊಡ್ಡಕ್ಕ ಸೊಂಟದಿಂದ ಗುರುವಾರದ ಕಾಗದ ತೆಗೆದಳು. ಬಿಡಿಸಿ ಮೇಜಿನ ಮೇಲೆ ಇಟ್ಟಳು. ‘ಎತ್ತಿದ ಭಾರ’ ಅನ್ನುವ ಕಡೆ ಬೆರಳಿಟ್ಟಳು. ಬೆರಳಿನ ನೀರಿಗೆ ಅಂಕಿ ಕದಡಿತು.

“ಇಲ್ಲಿ ನಿಜವಾದದ್ದು ಬರೀಬೇಕು. ಆಪರೇಷನ್ ಆಗ್ಬೇಕು. ಅವಳ ಹೆಸರು ಸೋಮವಾರಾನೂ ಇರಬೇಕು. ಅಲ್ಲಿತನಕ ಈ ಚೀಲ ಇಲ್ಲಿಂದ ಕದಲಲ್ಲ, ಕೆಳಗೆ ಆರು ಡ್ರಮ್ಮೂ ಕದಲಲ್ಲ. ಇನ್ನೊಂದು ಮಾತು. ಅವತ್ತು ರುಜು ನಾನು ಹಾಕಿದೆ. ಇವತ್ತು ನೀವು ಹಾಕಿ.”

ಮ್ಯಾನೇಜರ್ ಬಾಯಿ ತೆರೆದ. ಮೂರು ಫೋನೂ ಒಟ್ಟಿಗೆ ಬಡಿದುಕೊಂಡವು. ಅವನು ದೊಡ್ಡ ಪರದೆ ನೋಡಿದ. ಹದಿನಾಲ್ಕರಲ್ಲಿ ಹನ್ನೊಂದು ಕೆಂಪಾಗಿದ್ದವು. ಪೆನ್ನು ಹುಡುಕುವವನ ಹಾಗೆ ಜೇಬು ಮುಟ್ಟಿಕೊಂಡ.

“ಓದಿ ಮೇಡಂ,” ಅಂದಳು ದೊಡ್ಡಕ್ಕ. “ಗಟ್ಟಿಯಾಗಿ ಓದಿ. ಕೆಳಗಿನವರಿಗೂ ಕೇಳಬೇಕು.”

ಯಂತ್ರದ ಅಂಕಿ ನಿಲ್ಲುತ್ತಿರಲಿಲ್ಲ. ನೀರು ಸೋರಿದ ಹಾಗೆ ಇಳಿಯುತ್ತಿತ್ತು. ಮೂವತ್ತೊಂಬತ್ತು ಚಿಲ್ಲರೆ. ಮೂವತ್ತೊಂಬತ್ತು. ಮೂವತ್ತೆಂಟೂ ಮುಕ್ಕಾಲು. ಮೇಡಂ ಬಗ್ಗಿ ಕಾದಳು. ಪೇಪರ್ ಅವಳ ಕೈಯಿಂದ ಒದ್ದೆ ನೆಲಕ್ಕೆ ಜಾರಿತು. ಹನಿ ತೆಳುವಾಯಿತು. ಅಂಕಿ ನಿಂತಿತು. ಅವಳು ಓದಿದಳು.

ಮೂವತ್ತೆಂಟು ಕಿಲೋ ಇನ್ನೂರು ಗ್ರಾಂ.